ಎತ್ತಿಕೊಡುವುದು

ಮೂಟೆ ಹೊರುವುದು ಕಷ್ಟವಲ್ಲ, ಎತ್ತಿಕೊಳ್ಳುವುದು ಕಷ್ಟ.
ಶಿವಮೊಗ್ಗದ ಎಪಿಎಂಸಿ ಯಾರ್ಡಿನಲ್ಲಿ ಒಂದು ಬೆಳಗು ನಿಂತವರ ಹೊರತು
ಇದನ್ನು ಯಾರೂ ನಂಬುವುದಿಲ್ಲ.
ಲಾರಿಯ ಮೇಲಿಂದ ಮೆಹಬೂಬಣ್ಣ ಒಂದು ಕಿವಿ,
ಕೆಳಗಿಂದ ಹುಚ್ಚಪ್ಪ ಇನ್ನೊಂದು ಕಿವಿ ಹಿಡಿದು
ಹಾಂ ಎಂದು ಬೆನ್ನಿಗೆ ಕೂರಿಸಿದರೆ
ಸೊರಬದ ಶುಂಠಿ, ಅರವತ್ತು ಕಿಲೋ, ಮಣ್ಣಿನ ವಾಸನೆ ಸಮೇತ
ಗೋದಾಮಿನ ತುದಿಗೆ ಓಡಬಲ್ಲೆ.
ಅದೇ ಮೂಟೆ ನೆಲದ ಮೇಲಿದ್ದು, ಎದುರಿಗೆ ನಾನೊಬ್ಬನೇ ಆದರೆ
ಮೂವತ್ತೊಂದು ವರ್ಷದ ಬರೀ ಒಬ್ಬ ಮನುಷ್ಯ.

ಗಣಿತದಲ್ಲಿ ಎರಡು ಸಲ ಫೇಲು.
ತೂಕದ ಮನೆಯ ಕುರ್ಚಿಗೆ ಎಸ್ಸೆಸ್ಸೆಲ್ಸಿ ಬೇಕು.
ಹೊತ್ತವನಿಗಲ್ಲವೇ ಸಾರ್ ತೂಕ ಗೊತ್ತಿರುವುದು, ಎಂದರೆ
ಕಾರ್ಯದರ್ಶಿ ನಗುತ್ತಾರೆ. ಒಳ್ಳೆಯವರು.
ನಕ್ಕು ಅರ್ಜಿ ವಾಪಸು ಕೊಡುತ್ತಾರೆ.

ಅದಕ್ಕೇ ವಿನೋಬನಗರ, ಹಿಟ್ಟಿನ ಗಿರಣಿಯ ಮೇಲಿನ ಕೋಣೆ,
ರಾತ್ರಿ ಎಂಟಕ್ಕೆ ಜಲಜಾಕ್ಷಿ ಟೀಚರ್.
ಕೆಳಗೆ ರಾಗಿ ಬೀಸುವಾಗ ಮೇಲೆ ಸೀಮೆಸುಣ್ಣ ನಡುಗುತ್ತಿತ್ತು.
ಮೊದಲ ವಾರ ಅವರೇ ಪೂರ್ತಿ ಮಾಡಿ ತೋರಿಸಿದರು.
ನಾನೂ ಪೂರ್ತಿ ಬರೆದುಕೊಂಡೆ,
ಬೇರೆ ಯಾರದೋ ಮದುವೆಯ ಖರ್ಚಿನ ಪಟ್ಟಿ ನಕಲು ಮಾಡಿದ ಹಾಗೆ.
ಎರಡನೆಯ ವಾರ, ಈಗ ನೀವೇ ಮಾಡಿ, ಎಂದರು.
ಎಕ್ಸ್ ವರ್ಗ, ಕಳೆ ಒಂಬತ್ತು ಎಕ್ಸ್, ಕೂಡು ಇಪ್ಪತ್ತು, ಸಮ ಸೊನ್ನೆ.
ಒಂಬತ್ತನ್ನು ಹಿಡಿದರೆ ಇಪ್ಪತ್ತು ಜಾರುತ್ತದೆ,
ಇಪ್ಪತ್ತನ್ನು ಹಿಡಿದರೆ ಕಳೆ ಚಿಹ್ನೆ ಎಲ್ಲೋ ಉರುಳಿ ಹೋಗಿರುತ್ತದೆ,
ಅದನ್ನು ಹುಡುಕಲು ಬಗ್ಗಿದಾಗ
ಏನು ಕೇಳಿದ್ದರು ಎಂಬುದೇ ಮರೆತಿರುತ್ತದೆ.
ಪಕ್ಕದಲ್ಲಿ ಸಬೀಹಾ, ಬ್ಲೌಸ್ ಹೊಲಿಯುವವಳು, ಪೆನ್ನಿನ ಮುಚ್ಚಳ ಕಚ್ಚುತ್ತಿದ್ದಳು.
ಟೀಚರ್, ತಲೆಗೂ ಎರಡೇ ಕೈ ಇರೋದು, ಎಂದೆ.
ಕೋಣೆ ನಕ್ಕಿತು. ಅವರು ನಗಲಿಲ್ಲ.

ಮೂಟೆ ಎತ್ತಿಕೊಟ್ಟವರು ಯಾವಾಗ ಕೈ ಬಿಡ್ತಾರೆ?
ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆ.
ಬೆನ್ನು ಹೂಂ ಅಂದಾಗ, ಎಂದೆ.

ಮರುದಿನ ಹಲಗೆಯ ಮೇಲೆ ಲೆಕ್ಕ ಹೆಚ್ಚುಕಡಿಮೆ ಮುಗಿದೇ ಇತ್ತು.
ಒಂಬತ್ತು ಒಡೆದು ಐದು, ನಾಲ್ಕು ಆಗಿತ್ತು,
ಎರಡು ಆವರಣಗಳು ಒಂದಕ್ಕೊಂದು ಬೆನ್ನು ಕೊಟ್ಟು ಕೂತಿದ್ದವು,
ಕೊನೆಗೆ, ಆದ್ದರಿಂದ ಎಕ್ಸ್ ಸಮ,
ಆಮೇಲೆ ಬರೀ ಗೆರೆ.
ಐದು, ಎಂದೆ. ನಾಲ್ಕೂ ಹೌದು, ಎಂದಳು ಸಬೀಹಾ.
ಇಷ್ಟೇನಾ ಟೀಚರ್?
ಇವತ್ತಿಗೆ ಇಷ್ಟೇ.

ಮುಂದಿನ ಲೆಕ್ಕಕ್ಕೆ ಕೊನೆಯ ಎರಡು ಸಾಲು ಇರಲಿಲ್ಲ.
ಗುರುವಾರದ ಹೊತ್ತಿಗೆ ಮೂರು.
ಹಿಂದಿನಿಂದ ಒಂದೊಂದೇ ಮೆಟ್ಟಿಲು ತೆಗೆಯುತ್ತ ಬಂದರು,
ಕಾಲು ತಾನೇ ಹುಡುಕಿಕೊಳ್ಳುವಷ್ಟು ಮಾತ್ರ.
ಒಂದು ರಾತ್ರಿ ಅವರಿನ್ನೂ ಮೊದಲ ಸಾಲು ಬರೆಯುತ್ತಿದ್ದರು,
ನನಗೆ ಕಿರಿಕಿರಿ, ನಮ್ಮ ಬೀದಿಗೇ
ಆಟೋದವನು ನನಗೆ ದಾರಿ ಹೇಳಿದ ಹಾಗೆ.
ಅಳಿಸಿ ಟೀಚರ್, ಎಂದುಬಿಟ್ಟೆ.
ಡಸ್ಟರನ್ನು ನನ್ನ ಕೈಗೇ ಕೊಟ್ಟರು.

ಆ ತಿಂಗಳೇ ಯಾರ್ಡಿಗೆ ಕುಂಸಿಯ ಕೆಂಚ ಬಂದ, ತೆಳ್ಳಗೆ.
ಹೊಸಬನಿಗೆ ಇಡೀ ಮೂಟೆ ಹೊರಿಸಿ
ಬಿದ್ದರೆ ನಗುವುದು ನಮ್ಮ ಪದ್ಧತಿ. ನಾನೂ ಬಿದ್ದಿದ್ದೆ.
ಮೂರನೆಯ ಕಂಬದವರೆಗೆ ಅವನ ಮೂಟೆಯ ಕಿವಿ ಹಿಡಿದು ನಡೆದೆ,
ಮರುದಿನ ಎರಡನೆಯದರವರೆಗೆ.
ಇವನ ಅರ್ಧ ಕೂಲಿ ನಿಂಗೇನೋ? ಎಂದ ಹುಚ್ಚಪ್ಪ.

ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ.
ಯಾರೂ ಒಂದು ಸಾಲೂ ಬರೆದಿರಲಿಲ್ಲ,
ಹನ್ನೊಂದು, ಇಪ್ಪತ್ತೆಂಟು, ಇಡೀ ಮೂಟೆ ನೆಲದ ಮೇಲೆ.
ಅಭ್ಯಾಸಬಲ, ಅತ್ತಿತ್ತ ನೋಡಿದೆ.
ಒಂದು ಕಡೆ ಗೋಡೆ, ಇನ್ನೊಂದು ಕಡೆ
ನೆಗಡಿಯಾದ ಹುಡುಗ.
ಆಮೇಲೆ ನನ್ನ ಪೆನ್ನು ಹನ್ನೊಂದನ್ನು ಏಳು, ನಾಲ್ಕು ಎಂದು ಒಡೆಯಿತು.
ಏಳರ ಸೊಂಟಕ್ಕೆ ಒಂದು ಅಡ್ಡಗೆರೆ.
ನಾನು ಹಾಗೆ ಬರೆಯುವವನಲ್ಲ.
ಅವರು ಬರೆಯುತ್ತಾರೆ.